ಎರಡು ಕ್ಲಾಸ್‌ರೂಮಿನ ಹೃದಯ

‘ಸ್ವಂತ ತಲೆ ಓಡಿಸಿ’ ಎಂದು ಮಕ್ಕಳಿಗೆ ಒಮ್ಮೆ ಹೇಳಿ ನೋಡಿ, ಆಮೇಲೆ ಟೀಚರಿಗೆ ನೆಮ್ಮದಿ ಎನ್ನುವುದೇ ಇರುವುದಿಲ್ಲ. ಮುಂಬೈ ಪಕ್ಕದ ಡೊಂಬಿವಲಿಯ ಹೈಸ್ಕೂಲೊಂದರಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಶನಿವಾರದ ಒಂದು ಪಿರಿಯಡ್ ‘ಸ್ಟೆಮ್’ಗೆ ಮೀಸಲು: ಉರು ಹೊಡೆಯುವಂತಿಲ್ಲ, ಮಕ್ಕಳೇ ಏನಾದರೂ ಮಾಡಿ ತೋರಿಸಬೇಕು. ಗಣಿತ ಕಲಿಸುವ ನಮ್ಮ ಹೆಡ್‌ಮೇಡಂ ಅವರಿಗೆ ಆ ಪಿರಿಯಡ್ ಮೇಲೆ ಬಹಳ ದಿನದಿಂದ ಕಣ್ಣು.

ಕಾಕಾನ ಶ್ವಾಸಕೋಶ

ಬಾಟಲಿ, ಬಲೂನು ಬಳಸಿ ಶ್ವಾಸಕೋಶ ಮಾಡಿ ತರಲು ಹೇಳಿದ್ದೆ. ಒಬ್ಬ ಹುಡುಗನ ಬಾಟಲಿಯಲ್ಲಿ ಒಂದು ಬಲೂನು ಉಬ್ಬಿತು, ಇನ್ನೊಂದು ಜೋತುಬಿತ್ತು.

“ಕೆಟ್ಟಿದೆಯಲ್ಲೋ ಇದು!”

“ನಹೀ ಟೀಚರ್, ಇದು ನಮ್ಮ ಕಾಕಾಂದು. ಬೀಡಿ ಸೇದ್ತಾರ.”

ಪೂರ್ತಿ ಅಂಕ ಕೊಟ್ಟೆ. ಸೋಮವಾರ ಕಾಕಾನೇ ಶಾಲೆಗೆ ಬಂದರು. “ಬೀಡಿ ಹಚ್ಚಿದ್ರ ಸಾಕ್ರಿ ಬಾಯಾರ, ಮನಿ ಮಂದಿಯೆಲ್ಲಾ ಆ ಬಾಟ್ಲಿ ತಂದು ತೋರಸ್ತಾರ. ಅವನ್ನ ಫೇಲ್ ಮಾಡ್ರಿ!”

ಜೀವಕೋಶ

ಒಬ್ಬ ಹುಡುಗಿ ತನ್ನ ಹೌಸಿಂಗ್ ಸೊಸೈಟಿಯನ್ನೇ ಜೀವಕೋಶ ಮಾಡಿ ತಂದಳು. ಕಾಂಪೌಂಡ್ ಕೋಶಭಿತ್ತಿಯಂತೆ, ಸೆಕ್ರೆಟರಿ ಕೋಶಕೇಂದ್ರವಂತೆ.

“ಮೈಟೊಕಾಂಡ್ರಿಯ ಎಲ್ಲಮ್ಮಾ?”

“ಜನರೇಟರ್, ಟೀಚರ್. ಆದ್ರೆ ಅದು ಸೆಕ್ರೆಟರಿ ಮನೆಗಷ್ಟೇ ಶಕ್ತಿ ಕೊಡುತ್ತೆ.”

ಹೃದಯ

“ಈ ಶನಿವಾರ ನಾನೂ ಬರ್ತೀನಿ. ಬರೇ ಆಟ ಅನಿಸ್ತೋ, ಪಿರಿಯಡ್ ಗಣಿತಕ್ಕ,” ಎಂದರು ಹೆಡ್‌ಮೇಡಂ. ಈ ಸಲ ಇಡೀ ಕ್ಲಾಸೇ ಸೇರಿ ಒಂದು ಹೃದಯ ಮಾಡಲಿ ಎಂದೆ.

ಪಕ್ಕಪಕ್ಕದ ಎರಡು ಕ್ಲಾಸ್‌ರೂಮುಗಳೇ ಹೃದಯದ ಬಲಭಾಗ, ಎಡಭಾಗ. ವರಾಂಡಾ ಶ್ವಾಸಕೋಶ, ಅಂಗಳ ದೇಹ. ಮಕ್ಕಳೇ ರಕ್ತ. ನೀಲಿ ರಿಬ್ಬನ್ ಹಿಡಿದು ಬಲಕೋಣೆಗೆ ಬರಬೇಕು, ವರಾಂಡಾದಲ್ಲಿ ಅದನ್ನು ಕೊಟ್ಟು ಆಮ್ಲಜನಕದ ಕೆಂಪು ರಿಬ್ಬನ್ ಪಡೆಯಬೇಕು, ಎಡಕೋಣೆ ದಾಟಿ ಅಂಗಳಕ್ಕೆ ಹೊರಡಬೇಕು.

ಹೆಡ್‌ಮೇಡಂ ನೋಡಲೆಂದು ಬಲಕೋಣೆಯ ಬಾಗಿಲಲ್ಲೇ ನಿಂತರು. ಲೋಕಲ್ ಟ್ರೇನಿನ ಊರಲ್ಲಿ ಬಾಗಿಲಿಗೆ ನಿಂತವರ ಗತಿ ಎಲ್ಲರಿಗೂ ಗೊತ್ತು. “ಆಗೇ ಚಲೋ, ಆಗೇ ಚಲೋ!” ಎನ್ನುತ್ತ ರಕ್ತ ಅವರನ್ನೂ ಒಳಕ್ಕೆ ನೂಕಿಕೊಂಡು ಹೋಯಿತು. ಯಾರೋ ಕೈಗೊಂದು ನೀಲಿ ರಿಬ್ಬನ್ ತುರುಕಿದರು. ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ಹೊರಬಿದ್ದರು. ಕನ್ನಡಕ ಸೊಟ್ಟಗಾಗಿತ್ತು, ಮುಡಿದ ಹೂವು ಹಿಂದಿನ ಹುಡುಗನ ತಲೆ ಮೇಲಿತ್ತು. ಪಿರಿಯಡ್ ಹೋಯಿತೆಂದು ನನಗೆ ಅಳುವೇ ಬಂತು.

ಅವರು ತಮ್ಮ ಕೈ ನೋಡಿಕೊಂಡರು. “ಇದು ಇನ್ನೂ ನೀಲಿನ ಐತಲ್ಲ! ಶ್ವಾಸಕೋಶಕ್ಕ ಹೋಗದ ನಾ ಹೆಂಗ ಹೊರಗ ಬಂದೆ?”

ಒಬ್ಬ ಹುಡುಗಿ ಸಮಾಧಾನ ಹೇಳಿದಳು: “ವರಾಂಡಾದಲ್ಲಿ ಬಹುತ್ ಗರ್ದಿ, ಮೇಡಂ, ಕಾಲಿಡೋಕೂ ಜಾಗ ಇಲ್ಲ. ಅದಕ್ಕೇ ಎರಡು ಕ್ಲಾಸಿನ ನಡುವಿನ ಬಾಗಿಲು ತೆಗೆದು ಶಾರ್ಟ್‌ಕಟ್ ಮಾಡಿದ್ವಿ.”

ಹೆಡ್‌ಮೇಡಂ ನನ್ನತ್ತ ತಿರುಗಿದರು. “ಅಂದ್ರ ಹೃದಯದ ನಡು ತೂತು ಐತಿ! ಇಂಥಾ ಹೃದಯ ಇಟ್ಕೊಂಡು ಒಬ್ಬರೂ ನನ್ನ ಗಣಿತಕ್ಕ ಬರೋದು ಬ್ಯಾಡ. ಪಿರಿಯಡ್ ನಿಮ್ಮ ಹತ್ರನ ಇರಲಿ, ಮೊದ್ಲ ರಿಪೇರಿ ಮಾಡ್ರಿ!”