ಬಾಲದ ಒಂದು ಕೂದಲಿನ ವಿಷಯವಾಗಿ ಜಟಕಾ ಕುದುರೆಗೆ ಅಹವಾಲು

ನಂಜನಗೂಡು
ಜೂನ್ ೧೯೭೯

ರೈಲ್ವೆ ಸ್ಟೇಷನ್ನಿನ ಮುಂದೆ, ಹುಣಿಸೆ ಮರದ ನೆರಳಿನಲ್ಲಿ ಒಂದು ಕಾಲು ಮಡಿಸಿ ನಿಲ್ಲುವ, ಜವರಯ್ಯನವರ ಕುದುರೆ ಶ್ರೀ ಚೆಲುವ ಅವರ ಸನ್ನಿಧಿಗೆ,

ಅಶ್ವಮಾನ್ಯರೇ,

ತಾವು ಹುರುಳಿ ಮೆಲ್ಲುತ್ತ ಸುಖವಾಗಿರುವಿರೆಂದೂ, ನೊಣಗಳು ತಮ್ಮ ಬಾಲದ ಅಂಕೆ ಮೀರಿಲ್ಲವೆಂದೂ ನಂಬಿ ಈ ದೂರನ್ನು ಸವಿನಯವಾಗಿ ಸಲ್ಲಿಸುತ್ತಿದ್ದೇನೆ. ತಮಗೆ ಓದು ಬಾರದ ಕಾರಣ ಊರಿನವರೆಲ್ಲ ಓದಲಿ ಎಂದು ಬಹಿರಂಗವಾಗಿಯೇ ಬರೆದಿದ್ದೇನೆ. ನಮ್ಮಿಬ್ಬರ ವ್ಯವಹಾರವೂ ಬಹಿರಂಗವಾಗಿಯೇ ನಡೆಯಿತಲ್ಲ.

ನನ್ನ ಮೂಗಿನ ತುದಿಯಲ್ಲಿ ನರಹುಲಿಯೊಂದು ಎದ್ದದ್ದು, ತಿ. ನರಸೀಪುರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನನಗೆ ಕನ್ನಡ ಮೇಷ್ಟರ ಹಂಗಾಮಿ ಕೆಲಸ ಸಿಕ್ಕ ವಾರದಲ್ಲೇ. ಕನ್ನಡ ಎಂ.ಎ. ಮಾಡಿದ್ದರೂ ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೇಳಲು ಸಂಕೋಚಪಡುವ ನಾನು, ಮೂಗಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ನರಹುಲಿ ಹೊತ್ತು ಹೆಣ್ಣುಮಕ್ಕಳ ತರಗತಿಯೊಳಕ್ಕೆ ಹೇಗೆ ಕಾಲಿಡಲಿ? ಶಾಲೆ ಬಾಗಿಲು ತೆರೆಯುವುದರೊಳಗೆ ಅದು ಹೋಗದಿದ್ದರೆ ನಾನೇ ಕೆಲಸ ಬಿಡುವುದೆಂದು ನಿಶ್ಚಯಿಸಿದ್ದೆ. ಆಸ್ಪತ್ರೆಗೆ ಹೋಗಿ ಸುಡಿಸಿಕೊಂಡು ಬರುತ್ತೇನೆ ಎಂದದ್ದಕ್ಕೆ, ಮನೆ ತುಂಬ ವೈದ್ಯರಿರುವಾಗ ಹೊರಗಿನವರ ಕೈಗೆ ಮೂಗು ಕೊಡುವುದೇ ಎಂದು ಎಲ್ಲರೂ ನೊಂದುಕೊಂಡರು.

ಅಂಚೆ ಕಚೇರಿಯಿಂದ ನಿವೃತ್ತರಾಗಿ ಪುಸ್ತಕ ನೋಡಿ ಹೋಮಿಯೋಪತಿ ಕಲಿತಿರುವ ನನ್ನ ಸೋದರಮಾವ ಗೋಪಾಲಕೃಷ್ಣನವರು, ಸಕ್ಕರೆಯಂಥ ಗುಳಿಗೆಗಳನ್ನು ನಾಲಿಗೆಯ ಮೇಲಿಟ್ಟು, ಕಾಫಿ, ಈರುಳ್ಳಿ, ಕರ್ಪೂರದ ವಾಸನೆ ಮೂರನ್ನೂ ನಿಷೇಧಿಸಿದರು. ಅಜ್ಜಿ ಜಾನಕಮ್ಮನವರಾದರೋ, ಸುಲ್ತಾನರ ಆನೆಯ ಕಣ್ಣು ವಾಸಿಮಾಡಿ ಹಕೀಮನೆಂಬ ಬಿರುದು ಪಡೆದ ನಮ್ಮೂರ ದೇವರು ನಂಜುಂಡನಿಗೆ ಒಂದು ಮೂಗು ಹೆಚ್ಚೇ ಎಂದು ಹರಕೆ ಹೊತ್ತು, ದಿನಾ ಸಂಜೆ ಕರ್ಪೂರದಾರತಿಯನ್ನು ನನ್ನ ಮೂಗಿನವರೆಗೂ ತರುತ್ತಿದ್ದರು. ಗುಳಿಗೆ ಕೆಟ್ಟಿತೆಂದು ಮಾವ ಮರುದಿನ ಮೊದಲಿನಿಂದ ಶುರುಮಾಡುವರು. ಸಂಜೆ ಅಜ್ಜಿ ಅದನ್ನು ಮತ್ತೆ ಕೆಡಿಸುವರು. "ಅಮ್ಮಾ, ನನ್ನ ಔಷಧಿ ಕೊಂದುಬಿಟ್ಟೆ" ಎಂದು ಮಾವ ಗೋಳಾಡಿದರೆ, ಅಜ್ಜಿ, "ಕರ್ಪೂರಕ್ಕೆ ಹೆದರೋ ಔಷಧಿ ನರಹುಲಿಗೆ ಹೆದರಲ್ವೇನೋ?" ಎಂದು ಗಂಟೆ ಬಾರಿಸುವರು. ಈ ಎರಡು ಶಾಸ್ತ್ರಗಳ ನಡುವೆ ನೆಮ್ಮದಿಯಾಗಿ ಬೆಳೆದದ್ದು ನರಹುಲಿ ಮಾತ್ರ.

ಆಗಲೇ ಹದಿನಾರು ಗ್ರಾಮದಿಂದ ನಾಟಿ ವೈದ್ಯ ಚಿಕ್ಕಸ್ವಾಮಿ ಬಂದದ್ದು, ತಮ್ಮ ಹೆಸರು ಈ ಪ್ರಕರಣದೊಳಗೆ ಬಂದದ್ದು. ನನ್ನ ಮೂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿ ಆತ ಹೇಳಿದ: "ಕುದ್ರೆ ಬಾಲದ್ ಕೂದ್ಲು ಬಿಗಿಯಾಗ್ ಕಟ್ಟಿ ಸೋಮಿ, ಒಣಗಿ ಬಿದ್ದೋಯ್ತದೆ. ಆದ್ರೆ ಕುದ್ರೆನ ಬಾಯ್ಬುಟ್ಟು ಕೇಳ್ಬೇಕು. ಅದು ತಲೆ ಆಡುಸ್ದ್ ಮೇಲೆ ಕೀಳ್ಬೇಕು. ಕೇಳ್ದೆ ಕಿತ್ರೆ ಒಂದಿದ್ ಕಡೆ ಅತ್ತು ಉಟ್ಕತವೆ." ಮಾವನಾಗಲಿ ಅಜ್ಜಿಯಾಗಲಿ ಇದನ್ನು ವಿರೋಧಿಸಲಿಲ್ಲ; ನಮ್ಮ ಮನೆಯಲ್ಲಿ ಇಬ್ಬರೂ ಒಪ್ಪಿದ ಮೊದಲ ವೈದ್ಯರು ತಾವೇ.

ಇನ್ನು ನನ್ನ ದೂರು. ಅಜ್ಜಿ ಕಪಿಲಾ ಹೊಳೆಗೆ ಹಾಕಿ ಬಾ ಎಂದು ಕೊಟ್ಟಿದ್ದ ಬೆಲ್ಲದಚ್ಚನ್ನು ಕಾಣಿಕೆಯಾಗಿ ಒಪ್ಪಿಸಿ, ತಮ್ಮ ಕಿವಿಯ ಬಳಿ ನಾನು ಮೆಲ್ಲಗೆ ಬೇಡಿದೆ. ತಾವು ಬೆಲ್ಲ ತಿಂದು ಮುಖ ತಿರುಗಿಸಿದಿರಿ. ಬೆಲ್ಲದ ಹಾಗೆ ನರಹುಲಿಯೂ ಹೊಳೆಯಲ್ಲಿ ಕರಗಲೆಂಬ ಹರಕೆ ಹೀಗೆ ತಮ್ಮ ಪಾಲಾದುದಕ್ಕೆ ಅಜ್ಜಿ ಬೇಸರಪಡಲಿಲ್ಲ, "ಹೊಳೇಲಾದರೇನು, ಕುದುರೆ ಹೊಟ್ಟೇಲಾದರೇನು, ಕರಗೋದು ಮುಖ್ಯ ಕಣೋ" ಎಂದರು. ಆದರೆ ಜವರಯ್ಯನವರು ಬಿಡಬೇಕಲ್ಲ. "ಎಣ್ ಕೇಳಕ್ ಬಂದೋರಂಗೆ ಗುಸುಗುಸು ಅಂದ್ರೆ ಎಂಗೆ ಸೋಮಿ? ರೈಲ್ ಕೂಗ್ ಕೇಳಿ ಬೆಳ್ದಿರೋ ಕಿವಿ ಅದು. ಗಂಟ್ಲು ಬುಟ್ಟು ಕೇಳಿ" ಎಂದು ಸ್ಟ್ಯಾಂಡಿನವರನ್ನೆಲ್ಲ ಕೂಗಿ ಕರೆದರು. ಅಷ್ಟರಲ್ಲಿ ಚಾಮರಾಜನಗರದ ರೈಲು ಬಂದು, ಇಳಿದವರೆಲ್ಲ ಮೂಟೆ ಕೆಳಗಿಟ್ಟು ನಿಂತರು.

ಮರುದಿನವೇ ಶಾಲೆ. ಓಡಿಹೋಗಲು ಜನ ದಾರಿ ಬಿಟ್ಟಿರಲಿಲ್ಲ. ಕಣ್ಣು ಮುಚ್ಚಿ, "ಎಲೈ ಅಶ್ವವೇ, ನಿನ್ನ ಬಾಲದಿಂದ ಒಂದೇ ಒಂದು ಕೂದಲನ್ನು ದಯಪಾಲಿಸು" ಎಂದು, ನನ್ನದೇ ಎಂದು ನಂಬಲಾಗದಷ್ಟು ದೊಡ್ಡ ದನಿಯಲ್ಲಿ ಕೂಗಿದೆ. ತಾವು ಮಡಿಸಿದ ಕಾಲು ಬದಲಿಸಿದಿರಿ, ಅಷ್ಟೆ. ಇನ್ನೊಮ್ಮೆ ಕೂಗಿದೆ. ಮೂರನೆಯ ಕೂಗಿಗೆ ಹುಣಿಸೆ ಮರದ ಕಾಗೆಗಳೆಲ್ಲ ಎದ್ದು ಹೋದ ಮೇಲೆ ತಾವು ತಲೆಯಾಡಿಸಿದಿರಿ. ನೊಣಕ್ಕಾಗಿ ಆಡಿಸಿದ್ದೆಂದು ಕೆಲವರು ಈಗಲೂ ಹೇಳುತ್ತಾರೆ. ಅಂಥ ಅಲ್ಪರ ಮಾತನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಕಿತ್ತ ಕೂದಲನ್ನು ಚಿಕ್ಕಸ್ವಾಮಿ ಬಿಗಿಯಾಗಿ ಕಟ್ಟಿದ್ದಾಯಿತು. ಆದರೆ ನರಹುಲಿ ಒಂದು ರಾತ್ರಿಗೆ ಬೀಳುವಂಥದಲ್ಲವಾಗಿ, ಕೂದಲಿನ ಎರಡು ತುದಿಗಳು ಬೆಕ್ಕಿನ ಮೀಸೆಯಂತೆ ಚಾಚಿಕೊಂಡಿದ್ದ ಮೂಗನ್ನು ಹೊತ್ತು ನಾನು ತರಗತಿಗೆ ಹೋದೆ. ಒಳಗೆ ಕಾಲಿಟ್ಟೊಡನೆ ಮುಂದಿನ ಬೆಂಚಿನಿಂದ ಪುಟ್ಟಗೌರಮ್ಮ ಎಂಬ ಹುಡುಗಿ ಎದ್ದು, "ಸಾ, ಅದು ಕುದ್ರೆ ಕೂದ್ಲಾ ಎತ್ತಿಂದಾ? ಎತ್ತಿಂದಾದ್ರೆ ಇಡಿಯಕಿಲ್ಲ ಸಾ" ಎಂದಳು. ಹಿಂದಿನ ಬೆಂಚಿನವಳು ಸುಣ್ಣ ಹಚ್ಚಿ ಎಂದಳು, ಕಿಟಕಿಯ ಪಕ್ಕದವಳು ಉತ್ತರಾಣಿ ಸೊಪ್ಪು ಎಂದಳು, ಸುಣ್ಣದವರಿಗೂ ಉತ್ತರಾಣಿಯವರಿಗೂ ಜಗಳ ಹತ್ತಿ ತರಗತಿಯೇ ನಮ್ಮ ಮನೆಯಾಯಿತು. ಬಾಗಿಲು ಹತ್ತಿರವೇ ಇತ್ತು, ನರಸೀಪುರದಿಂದ ಬಸ್ಸೂ ಇತ್ತು. ಆದರೆ ಸ್ಟೇಷನ್ನಿನ ಮುಂದೆ ಕುದುರೆಯ ಹತ್ತಿರ ಮೂರು ಸಲ ಕೂಗಿದವನಿಗೆ ಉಳಿದಿರುವ ಮರ್ಯಾದೆಯಾದರೂ ಎಷ್ಟು ಎಂದುಕೊಂಡು, ತಮ್ಮೆದುರು ತೆಗೆದ ಅದೇ ದನಿಯನ್ನು ತೆಗೆದೆ. ತರಗತಿ ಸ್ತಬ್ಧವಾಯಿತು. ಪಕ್ಕದ ತರಗತಿಯೂ ಸ್ತಬ್ಧವಾಯಿತೆಂದು ಆಮೇಲೆ ತಿಳಿಯಿತು. ಪಾಠ ನಡೆಯಿತು, ಅಂದಿನಿಂದ ದಿನವೂ ನಡೆಯುತ್ತಿದೆ.

ನರಹುಲಿ ಮುಂದಿನ ವಾರ ತಾನಾಗಿ ಬಿತ್ತು. ಮಾವ ಗುಳಿಗೆಯೆನ್ನುತ್ತಾರೆ, ಅಜ್ಜಿ ನಂಜುಂಡನೆನ್ನುತ್ತಾರೆ, ಚಿಕ್ಕಸ್ವಾಮಿ ತಾನು ಹಾಕಿದ ಗಂಟು ಎನ್ನುತ್ತಾನೆ. ಪಥ್ಯ ಹೇಳದೆ, ಕಾಫಿ ಬಿಡಿಸದೆ, ಕೀರ್ತಿಗೂ ಕೈಯೊಡ್ಡದೆ ನಿಂತ ತಮ್ಮಂಥ ವೈದ್ಯರು ನಮ್ಮ ಸೀಮೆಯಲ್ಲಿ ಬೇರಿಲ್ಲ. ಆದ್ದರಿಂದ ತಾವು ದಯಮಾಡಿ ಹುಣಿಸೆ ಮರಕ್ಕೊಂದು ಬೋರ್ಡು ಹಾಕಿಸಬೇಕು, ಬೆಳಿಗ್ಗೆ ಸಂಜೆ ರೋಗಿಗಳನ್ನು ನೋಡಬೇಕು, ಬನ್ನೂರಿನಲ್ಲಿ ಒಂದು ಶಾಖೆ ತೆರೆಯಬೇಕು, ಹಾಗೂ ಸಂಕೋಚದವರು ಬಂದಾಗ ಮೊದಲ ಕೂಗಿಗೇ ತಲೆಯಾಡಿಸಬಾರದು ಎಂದು ಬೇಡಿಕೊಳ್ಳುತ್ತೇನೆ.

ತಮ್ಮ ಬಾಲಕ್ಕೆ ಋಣಿಯಾದ ವಿಶ್ವಾಸಿ,
ಸುಬ್ರಹ್ಮಣ್ಯ, ಕನ್ನಡ ಮೇಷ್ಟರು

ಮರೆತ ಮಾತು: ಪುಟ್ಟಗೌರಮ್ಮನ ಅಂಗೈಯಲ್ಲಿಯೂ ಒಂದು ನರಹುಲಿ ಇದೆಯಂತೆ, ಬರುವ ಭಾನುವಾರ ಗೆಳತಿಯರೊಡನೆ ತಮ್ಮಲ್ಲಿಗೆ ಬರುತ್ತಾಳೆ. ಕೂದಲು ಕೇಳುವ ಕ್ರಮವನ್ನು ನಾನೇ ವಿವರಿಸಿದ್ದೇನೆ, ಆದರೆ ಒಪ್ಪಿಗೆಗೆ ಕಾಯಬೇಕೆಂಬ ಭಾಗಕ್ಕೆ ಬರುವಷ್ಟರಲ್ಲಿ ಬೆಲ್ಲು ಹೊಡೆಯಿತು.