ಗೋಡೌನ್ ಗುಮಾಸ್ತರ ಇಮಿಗ್ರೇಷನ್ ಕೌಂಟರು

ಮೆಕ್ಯಾನಿಕ್ಕನ ಹೆಂಡತಿ ಆವತ್ತು ಬೆಳಗ್ಗೆ ಸುಮ್ಮನೆ ಕಾಫಿ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆಕೆ ಲೋಟದ ಜೊತೆಗೆ ಒಂದು ಪ್ರಶ್ನೆಯನ್ನೂ ಕೊಟ್ಟಳು.

“ರೀ, ಏರ್‌ಪೋರ್ಟಲ್ಲಿ ಇಮಿಗ್ರೇಷನ್ ಅಂತ ಇರತ್ತಂತಲ್ಲ, ಅಲ್ಲಿ ಆಫೀಸರು ‘ಯಾಕೆ ಹೋಗ್ತಿದೀರಿ’ ಅಂತ ಕೇಳಿದ್ರೆ ಏನು ಹೇಳ್ತೀರಿ?”

“ಅದು... ಅಂದ್ರೆ... ನಾನು...” ಎಂದ ಮೆಕ್ಯಾನಿಕ್. ಅಷ್ಟಕ್ಕೇ ಹಣೆಯ ಮೇಲೆ ಬೆವರು ಮೂಡಿತು.

ಹೊಲಿಗೆ ಯಂತ್ರವನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಬಲ್ಲ ಮನುಷ್ಯ ಅವನು. ಆದರೆ ಮೇಜಿನ ಆಚೆ ಕೂತು ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ದಾರ ಸಿಕ್ಕಿಕೊಂಡ ಬಾಬಿನ್ನಿನ ಹಾಗೆ ನಾಲಿಗೆ ಅಲ್ಲೇ ನಿಂತುಬಿಡುತ್ತಿತ್ತು. ಅವನು ಹದಿನಾರು ವರ್ಷ ದುಡಿದ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಬೀಗ ಬಿದ್ದು ಏಳು ತಿಂಗಳಾಗಿತ್ತು. ಅಲ್ಲಿಂದಾಚೆಗೆ ಹನ್ನೊಂದು ಕಡೆ ಸಂದರ್ಶನಕ್ಕೆ ಹೋಗಿ ಹನ್ನೊಂದು ಕಡೆಯೂ ಬೆವರಿ ವಾಪಸ್ ಬಂದಿದ್ದ. ಕೊನೆಗೆ ಹೊರದೇಶದ ಫ್ಯಾಕ್ಟರಿಯೊಂದು ಅವನ ಮಾತನ್ನು ಕೇಳದೆ ಬರೀ ಕೈಕೆಲಸವನ್ನು ನೋಡಿ ಎರಡು ವರ್ಷಕ್ಕೆ ಕೆಲಸ ಕೊಟ್ಟಿತ್ತು. ಮರುದಿನ ಬೆಳಗ್ಗೆ ಹಾಜರಾಗದಿದ್ದರೆ ಆ ಕೆಲಸ ಪಟ್ಟಿಯಲ್ಲಿರುವ ಮುಂದಿನವನಿಗೆ ಎಂದು ಪತ್ರದಲ್ಲಿ ದಪ್ಪಕ್ಷರದಲ್ಲೇ ಬರೆದಿದ್ದರು. ವಿಮಾನ ಸಂಜೆ ಐದೂವರೆಗೆ.

“ಅಯ್ಯೋ ದೇವ್ರೇ, ನನ್ನ ಮುಂದೇನೇ ಹಿಂಗಾದ್ರೆ ಆಫೀಸರ ಮುಂದೆ ಏನು ಕತೆ!” ಎಂದು ಹೆಂಡತಿ ಕೂಗಿಕೊಂಡಳು. ಆ ಕೂಗಿಗೆ ಎದುರುಮನೆಯ ಬಾಗಿಲು ತೆರೆಯಿತು.

ಎದುರುಮನೆಯ ಗುಮಾಸ್ತರು ಮೂವತ್ತೆರಡು ವರ್ಷ ಸರಕಿನ ಗೋಡೌನಿನ ಬಾಗಿಲಲ್ಲಿ ಕೂತು, ಒಳಗೆ ಬರುವ ಪ್ರತಿಯೊಂದು ಪೆಟ್ಟಿಗೆಯನ್ನೂ ಅನುಮಾನಿಸಿ ನಿವೃತ್ತರಾದವರು. ಈಗ ಅನುಮಾನಿಸಲು ಏನೂ ಸಿಗದೆ ಸೊರಗಿಹೋಗಿದ್ದರು. ವಿಷಯ ಕೇಳಿದ್ದೇ ಅವರ ಮುಖಕ್ಕೆ ಹತ್ತು ವರ್ಷದ ಹಿಂದಿನ ಕಳೆ ಬಂತು.

“ಪೆಟ್ಟಿಗೆ ಬಿಡೋದೂ ಒಂದೇ, ಮನುಷ್ಯನ್ನ ಬಿಡೋದೂ ಒಂದೇ ಕಣಯ್ಯಾ. ಎರಡು ತಾಸು ನನ್ನ ಕೈಗೆ ಸಿಕ್ಕು, ಸಾಕು. ಯಾವ ಆಫೀಸರಿಗೂ ನಿನ್ನ ಕೂದಲು ಕೊಂಕಿಸಕ್ಕಾಗಲ್ಲ.”

ಇಸ್ತ್ರಿ ಮೇಜು ನಡುಮನೆಗೆ ಬಂತು. ಗುಮಾಸ್ತರು ಅದರ ಹಿಂದೆ ಕೂತರು. ಪೆಟ್ಟಿಗೆ ಹೊರಲು ಬಂದಿದ್ದ ಭಾವಮೈದುನ ಪೊಲೀಸನಾಗಿ ಬಾಗಿಲಲ್ಲಿ ನಿಂತ. ಹೆಂಡತಿ ಹಿಂದೆ ಸಾಲಿನಲ್ಲಿ ನಿಂತ ಪ್ರಯಾಣಿಕಳಾದಳು.

“ಪಾಸ್‌ಪೋರ್ಟ್ ಕೊಡು.”

“ಯಾವುದಾದ್ರೂ ನೋಟ್‌ಬುಕ್ ಕೊಡ್ಲಾ ಸಾರ್?” ಎಂದ ಮೆಕ್ಯಾನಿಕ್.

“ನೋಟ್‌ಬುಕ್ಕಲ್ಲಿ ಈಜು ಕಲಿಯಕ್ಕಾಗತ್ತಾ? ನಿಜವಾದದ್ದೇ ಕೊಡು. ಹೂಂ, ಯಾಕೆ ಹೋಗ್ತಿದೀಯ?”

“ಕೆಲಸಕ್ಕೆ ಸಾರ್.”

“ಇಲ್ಲಿ ಕೆಲಸ ಇಲ್ವಾ?”

“ಇಲ್ಲ ಸಾರ್.”

“ಇಲ್ಲೇ ಯಾರಿಗೂ ಬೇಡವಾದೋನು ಅಲ್ಲಿ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯ?”

ಮೆಕ್ಯಾನಿಕ್ಕನ ಎದೆಗೆ ಅದು ಸೂಜಿಯ ಹಾಗೆ ಚುಚ್ಚಿತು. ಏಳು ತಿಂಗಳಿಂದ ರಾತ್ರಿಯೆಲ್ಲ ಅವನು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು.

“ಮಾತಾಡಲ್ಲ ಅಂದ್ರೆ ಅನುಮಾನ! ಹೆಂಡ್ತೀನ ಬಿಟ್ಟು ಒಬ್ಬನೇ ಹೊರಟಿದೀಯಲ್ಲ, ಮನೇಲಿ ಜಗಳವಾ?”

ಮೆಕ್ಯಾನಿಕ್ ಹೆಂಡತಿಯ ಕಡೆ ನೋಡಿದ. ಸಾಲಿನಲ್ಲಿ ನಿಂತಿದ್ದ ಆಕೆ, “ಹೇಳ್ರೀ, ನನಗೂ ಗೊತ್ತಾಗ್ಲಿ,” ಎಂದಳು.

ಎರಡನೇ ಸುತ್ತು ಆಯಿತು, ಮೂರನೆಯದಾಯಿತು. ಕಣ್ಣು ಕೆಂಪಾದರೆ ಅನುಮಾನ, ಕೆಮ್ಮಿದರೆ ಅನುಮಾನ, ನಕ್ಕರಂತೂ ದೊಡ್ಡ ಅನುಮಾನ ಎಂದು ಗುಮಾಸ್ತರು ಪಾಠ ಹೇಳಿದರು. ಆರನೇ ಸುತ್ತಿಗೆ ಮೆಕ್ಯಾನಿಕ್ ತನ್ನ ಹುಟ್ಟಿದ ದಿನವನ್ನು ಮರೆತ. ಏಳನೆಯದಕ್ಕೆ ಭಾವಮೈದುನನ ಹುಟ್ಟಿದ ದಿನವನ್ನು ತನ್ನದೆಂದು ಹೇಳಿದ. ಎಂಟನೇ ಸುತ್ತಿನಲ್ಲಿ ಮಾತ್ರ ಅದೇನಾಯಿತೋ, ಗಿಣಿಯ ಹಾಗೆ ಎಲ್ಲಕ್ಕೂ ಪಟಪಟ ಉತ್ತರ ಹೇಳಿಬಿಟ್ಟ.

ಗುಮಾಸ್ತರಿಗೆ ಆನಂದ ತಡೆಯಲಾಗಲಿಲ್ಲ. “ಇರು, ಇರು, ಏಳಬೇಡ!” ಎನ್ನುತ್ತ ತಮ್ಮ ಮನೆಗೆ ಓಡಿದರು. ನೆನಪಿಗಿರಲಿ ಎಂದು ನಿವೃತ್ತಿಯ ದಿನ ಮನೆಗೆ ತಂದಿಟ್ಟುಕೊಂಡಿದ್ದ ಗೋಡೌನಿನ ಸೀಲನ್ನೂ ಶಾಯಿಯ ಡಬ್ಬಿಯನ್ನೂ ಹಿಡಿದು ಬಂದರು. ಬರೀ ಹಾಗೇ ಎತ್ತಿ ತೋರಿಸುವುದಷ್ಟೇ ಅವರ ಉದ್ದೇಶ. ಆದರೆ ಮೂವತ್ತೆರಡು ವರ್ಷದ ಕೈ, ಯಜಮಾನನ ಮಾತು ಕೇಳಲಿಲ್ಲ.

“ಪಾಸ್!” ಎಂದರು. ದಬ್ಬನೆ ಒತ್ತಿದರು.

ಪಾಸ್‌ಪೋರ್ಟಿನ ಮೂವತ್ತನೇ ಪುಟದಲ್ಲಿ ನೇರಳೆ ಬಣ್ಣದಲ್ಲಿ, ಒಂದಕ್ಷರವೂ ಮಾಸದೆ ಮೂಡಿತ್ತು: ‘ಹಾಳಾದ ಸರಕು. ವಾಪಸ್ ಕಳಿಸಿ.’

ನಾಲ್ಕು ತಲೆಗಳೂ ಆ ಪುಟದ ಮೇಲೆ ಬಗ್ಗಿದವು. ಗುಮಾಸ್ತರೇ ಮೊದಲು ಮೆಲ್ಲಗೆ, “ಸೀಲು ಮಾತ್ರ ಇನ್ನೂ ಎಷ್ಟು ಚೆನ್ನಾಗಿ ಬೀಳತ್ತೆ ನೋಡು,” ಎಂದರು.

ಹೆಂಡತಿ ಒದ್ದೆ ಬಟ್ಟೆ ತಂದು ಉಜ್ಜಿದಳು. ಅಕ್ಷರ ಹೋಗಲಿಲ್ಲ, ಸುತ್ತ ಒಂದು ನೇರಳೆ ಮೋಡ ಕವಿಯಿತು. ಭಾವಮೈದುನ ಅಂಗಡಿಗೆ ಓಡಿ ವೈಟ್ನರ್ ತಂದು, ಗೋಡೆಗೆ ಸುಣ್ಣ ಬಳಿಯುವ ಹುರುಪಿನಲ್ಲಿ ಬಳಿದ. ಅದು ಒಣಗುವ ಮೊದಲೇ ಗುಮಾಸ್ತರು, “ಮುಚ್ಚಿದ್ರೆ ಹೊರಗಡೆಯಿಂದ ಗೊತ್ತಾಗತ್ತಾ ನೋಡೋಣ,” ಎಂದು ಪಾಸ್‌ಪೋರ್ಟನ್ನು ಮುಚ್ಚಿ, ಮೇಲೆ ಒತ್ತಿ ಹಿಡಿದರು. ಮತ್ತೆ ತೆರೆದರೆ ಮೂವತ್ತನೇ ಪುಟವೂ ಮೂವತ್ತೊಂದನೇ ಪುಟವೂ ಅಂಟಿಕೊಂಡು ಒಂದೇ ಆಗಿದ್ದವು.

“ಭಾವ, ಒಳ್ಳೇದೇ ಆಯ್ತು ಬಿಡಿ,” ಎಂದ ಭಾವಮೈದುನ. “ಸೀಲು ಒಳಗೆ ಸೇರ್ಕೊಳ್ತು. ಇನ್ನು ಆ ಬ್ರಹ್ಮ ಬಂದ್ರೂ ಕಾಣಿಸಲ್ಲ.”

ಮೆಕ್ಯಾನಿಕ್ಕನಿಗೆ ಗಟ್ಟಿಯಾಗಿ ಅತ್ತುಬಿಡಬೇಕೆನಿಸಿತು. ಆದರೆ ಕಣ್ಣು ಕೆಂಪಾಗುತ್ತದೆ ಎಂದು ಅಳಲೂ ಹೆದರಿದ. ಟ್ಯಾಕ್ಸಿ ಹೊರಟಾಗ ಗುಮಾಸ್ತರು ಮೆಟ್ಟಿಲ ಮೇಲೆ ಊಟವಿಲ್ಲದೆ, ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು.

ಏರ್‌ಪೋರ್ಟಿನ ಸಾಲಿನಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಮುಂದಿನವರು ಒಬ್ಬೊಬ್ಬರಾಗಿ ಸರಿದಂತೆಲ್ಲ ಗಲ್ಲುಗಂಬ ಹತ್ತಿರ ಬಂದಂತಾಯಿತು. ಕೌಂಟರಿನಲ್ಲಿ ನೆಗಡಿ ಹಿಡಿದ ಆಫೀಸರಮ್ಮ ಕೂತಿದ್ದಳು.

“ಏನು ಕೆಲಸ?” ಎಂದಳು, ತಲೆ ಎತ್ತದೆ.

“ಹೊ... ಹೊಲಿಗೆ ಮೆಷೀನ್ ರಿಪೇರಿ ಮೇಡಂ.”

ಆಕೆ ತಲೆ ಎತ್ತಿದಳು. “ಹೌದಾ? ನಮ್ಮನೇ ಮೆಷೀನು ಗಳಿಗೆಗೊಂದ್ಸಲ ದಾರ ಕಿತ್ಕೊಳ್ಳತ್ತೆ. ಯಾಕಿರಬಹುದು?”

ಎಂಟು ಸುತ್ತಿನಲ್ಲಿ ಗುಮಾಸ್ತರು ಇದೊಂದನ್ನು ಕೇಳಿರಲಿಲ್ಲ. “ಸೂಜಿ ಉಲ್ಟಾ ಹಾಕಿರ್ತೀರಿ ಮೇಡಂ,” ಎಂದ ಮೆಕ್ಯಾನಿಕ್, ಒಂದು ಸಲವೂ ತೊದಲದೆ. “ಚಪ್ಪಟೆ ಕಡೆ ತಿರುಗಿಸಿ ಹಾಕಿ. ಆಮೇಲೂ ಕಿತ್ಕೊಂಡ್ರೆ ಮೇಲಿನ ತಿರುಪು ಅರ್ಧ ಸುತ್ತು ಸಡಿಲ ಮಾಡಿ.”

ಆಕೆ ನಕ್ಕು, ಏಳನೇ ಪುಟದಲ್ಲಿ ಸೀಲು ಒತ್ತಿ, “ಹೋಗ್ಬನ್ನಿ,” ಎಂದಳು. ಅಷ್ಟೇ.

ಒಳಗಿನ ಕುರ್ಚಿಯಲ್ಲಿ ಕುಸಿದು ಹೆಂಡತಿಗೆ ಫೋನ್ ಮಾಡಿದ. ಅವನೂ ಅತ್ತ, ಅವಳೂ ಅತ್ತಳು. ಇನ್ನು ಕಣ್ಣು ಎಷ್ಟು ಕೆಂಪಾದರೂ ಚಿಂತೆಯಿರಲಿಲ್ಲ. ಗಾಜಿನ ಆಚೆ ವಿಮಾನ ನಿಂತಿತ್ತು. ಜನ ಹತ್ತಲು ಎದ್ದರು. ಅಷ್ಟರಲ್ಲಿ ಮೈಕಿನಲ್ಲಿ ಯಾರದೋ ಹೆಸರು ಕೂಗಿದರು. ಎರಡನೇ ಸಲ ಕೂಗಿದಾಗ ಅದು ತನ್ನದೇ ಎಂದು ಅವನಿಗೆ ಹೊಳೆಯಿತು.

ಇಮಿಗ್ರೇಷನ್‌ನವರ ಕೋಣೆಯಲ್ಲಿ ದೊಡ್ಡ ಆಫೀಸರು ಅವನ ಪಾಸ್‌ಪೋರ್ಟ್ ಇಸಿದುಕೊಂಡು, ಸ್ಕೇಲಿನಿಂದ ಮೂವತ್ತನೇ ಪುಟವನ್ನು ನಾಜೂಕಾಗಿ ಬಿಡಿಸುತ್ತಿದ್ದರು.

“ಸಾರ್, ಇದು ನಿಮಗೆ... ಹೆಂಗೆ ಗೊತ್ತಾಯ್ತು?”

“ನಮಗೆಲ್ಲಿ ಗೊತ್ತಾಗ್ತಿತ್ತು? ಮೂವತ್ತನೇ ಪುಟ ಯಾರ್ರೀ ನೋಡ್ತಾರೆ?” ಎಂದರು ಆಫೀಸರು ಬೇಸರದಿಂದ. “ಯಾರೋ ಹಿರಿಯರು ಫೋನ್ ಮಾಡಿದ್ರು. ಹುಡುಗ ಅಪ್ಪಟ ಚಿನ್ನ, ಸೀಲು ಹಾಕಿದ್ದು ನಾನು, ವೈಟ್ನರ್ ಬಳಿದಿದ್ದು ಅವನ ಭಾಮೈದ, ಅವನದೇನೂ ತಪ್ಪಿಲ್ಲ, ದಯವಿಟ್ಟು ಬಿಟ್ಬಿಡಿ ಅಂತ ಗೋಗರೆದ್ರು. ಗೊತ್ತಾದ ಮೇಲೆ ಬಿಡಕ್ಕಾಗತ್ತಾ? ತಿದ್ದಿರೋ ಪಾಸ್‌ಪೋರ್ಟ್ ಇದು, ನಡೆಯಲ್ಲ. ಹೊಸದು ಮಾಡಿಸ್ಕೊಂಡು ಬನ್ನಿ.”

“ಎಷ್ಟು ದಿನ ಆಗತ್ತೆ ಸಾರ್?”

“ಒಂದು ತಿಂಗಳು ಅಂತ ಇಟ್ಕೊಳ್ಳಿ.”

ಪೆಟ್ಟಿಗೆ ಎಳೆದುಕೊಂಡು ಅವನು ಹೊರಗೆ ಬರುವಾಗ ವಿಮಾನ ಏರಿ ಹೋಗುವ ಸದ್ದು ಕೇಳಿಸಿತು. ಪಾದಚಾರಿ ದಾರಿಯ ಅಂಚಿನಲ್ಲಿ ಕೂತ. ಇನ್ನು ಉಳಿದಿದ್ದು ಒಂದೇ ಆಸೆ. ಫ್ಯಾಕ್ಟರಿಯವರಿಗೆ ಜ್ವರ ಬಂದಿದೆ ಎಂದು ಹೇಳಿ, ಕೈಕಾಲು ಹಿಡಿದಾದರೂ ಒಂದು ತಿಂಗಳು ಕೆಲಸ ಉಳಿಸಿಕೊಳ್ಳಬೇಕು. ಆ ಸುಳ್ಳನ್ನು ತೊದಲದೆ ಹೇಳಲು ಮನಸ್ಸಿನಲ್ಲೇ ಎರಡು ಸಲ ಅಭ್ಯಾಸ ಮಾಡಿ, ನಂಬರು ಒತ್ತಬೇಕೆನ್ನುವಷ್ಟರಲ್ಲಿ ಫೋನು ತಾನೇ ಬಡಿದುಕೊಂಡಿತು.

“ವಿಮಾನ ಹೊರಡೋಕ್ಕೆ ಮುಂಚೆ ನೀನು ಫೋನಿಗೆ ಸಿಕ್ಕಿದೆಯಲ್ಲ, ಪುಣ್ಯ!” ಗುಮಾಸ್ತರ ದನಿಯಲ್ಲಿ ಬೆಳಗಿನ ಉತ್ಸಾಹ ವಾಪಸ್ ಬಂದಿತ್ತು. “ಏರ್‌ಪೋರ್ಟಿನೋರಿಗೆ ಎಲ್ಲಾ ಬಿಡಿಸಿ ಹೇಳಿದೀನಿ, ನೀನೇನೂ ಹೆದರಬೇಡ. ಆ ಕಡೆನೂ ತೊಂದ್ರೆ ಆಗಬಾರದು ನೋಡು, ಅದಕ್ಕೆ ನಿನ್ನ ಕೆಲಸದ ಪತ್ರದಲ್ಲಿದ್ದ ನಂಬರಿಗೆ ಮಾಡಿ ನಿನ್ನ ಫ್ಯಾಕ್ಟರಿಯೋರಿಗೂ ಈಗ ತಾನೇ ಎಲ್ಲಾ ಹೇಳಿಬಿಟ್ಟೆ ಕಣಪ್ಪಾ!”