ನಮ್ಮಮ್ಮ ಬಡವಿಯಾಗಲು ಒಪ್ಪದ ದಿನ

ಮಗ್ಗದ ಮನೆ ಹುಡುಗಿ ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ ಗಂಗಾಧರಪ್ಪ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ದೊಡ್ಡಪ್ಪ ಎರಡು ಸಲ ದಾಟಲು ಹೋಗಿ ಎರಡು ಸಲವೂ ಈ ದಡದಲ್ಲೇ ಉಳಿದವರು. ನಾನು ಬಿ.ಎ. ಮುಗಿಸಿದ್ದು ಸಾಲದು ಎಂದು ಪತ್ರಿಕೋದ್ಯಮದ ಎಂ.ಎ.ಗೂ ಸೇರಿದೆ. ಓದಿದಷ್ಟೂ ಗೊಂದಲ ಹೆಚ್ಚುತ್ತದೆ ಎಂದು ತಿಳಿದದ್ದು ಆಮೇಲೆ. ಓದದವರಿಗೆ ಇದು ಮೊದಲೇ ಗೊತ್ತಿರಬೇಕು, ಅದಕ್ಕೇ ನೆಮ್ಮದಿಯಾಗಿದ್ದಾರೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡ ವಿಷಯ ‘ಜಾಹೀರಾತು ಮತ್ತು ಸಿನಿಮಾಗಳಲ್ಲಿ ಅಂಚಿನ ಮಹಿಳೆಯರು’. ತಿಂಗಳುಗಟ್ಟಲೆ ನೋಡಿದೆ. ಬಡ ಹೆಂಗಸು ಎಂದರೆ ಮಾಸಿದ ಸೀರೆ, ಕೆದರಿದ ಕೂದಲು, ಎಲ್ಲೋ ದೂರಕ್ಕೆ ನೆಟ್ಟ ಕಣ್ಣು. ನಮ್ಮ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ದೂರಕ್ಕೆ ನೋಡುವಷ್ಟು ಬಿಡುವು ಯಾರಿಗೂ ಇಲ್ಲ. ನೋಡಿದರೂ ಎದುರುಮನೆಯ ಗೋಡೆಯೇ ಕಾಣುತ್ತದೆ. ಇದನ್ನೆಲ್ಲ ಬರೆದುಕೊಂಡು ಹೋದರೆ ನಮ್ಮ ಗೈಡ್ ಮೇಷ್ಟ್ರು, ಟಿ.ವಿ. ನೋಡಿ ಬರೆದದ್ದು ಸಾಕು, ಒಬ್ಬ ನಿಜವಾದ ಹೆಂಗಸಿನ ಅನುಭವ ತನ್ನಿ, ಇಲ್ಲದಿದ್ದರೆ ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಸಹಿಯಿಲ್ಲದೆ ಡಿಗ್ರಿಯಿಲ್ಲ. ನನ್ನ ಪುಣ್ಯಕ್ಕೆ ಆ ವಾರವೇ ಒಂದು ಸೀರೆ ಅಂಗಡಿಯ ಜಾಹೀರಾತು ತೆಗೆಯುವವರು ನಮ್ಮ ಬೀದಿಗೆ ಬಂದರು. ನೇಕಾರ ಹೆಂಗಸೇ ಬೇಕೆಂದು ಮನೆಮನೆ ಹುಡುಕಿ, ನಮ್ಮಮ್ಮ ಪುಟ್ಟಲಕ್ಷ್ಮಮ್ಮನನ್ನು ಆರಿಸಿದರು. ಮನೆಯಲ್ಲೇ ಒಂದು ಅಧ್ಯಾಯ ಸಿಕ್ಕಿತು ಎಂದು ನಾನು ಕುಣಿದೆ.

ಮೂವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ಬದುಕಿದ ಅಮ್ಮನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಬಸ್ಸಿನಲ್ಲಿ ಅವಳು ನನ್ನ ಕಿವಿಯಲ್ಲಿ ಹೇಳುವ ಮನೆಗುಟ್ಟಿಗೆ ಡ್ರೈವರ್ ತಲೆಯಾಡಿಸಿದ್ದುಂಟು. ಶೂಟಿಂಗ್ ದಿನ ಡೈರೆಕ್ಟರ್ ಮಗ್ಗಗಳನ್ನೆಲ್ಲ ನಿಲ್ಲಿಸಿ, ಎಲ್ಲಿಂದಲೋ ತಂದ, ನೂಲು ಸುತ್ತುವ ಹಳೇ ಕೈರಾಟೆಯ ಮುಂದೆ ಅಮ್ಮನನ್ನು ಕೂರಿಸಿ, ಸ್ವಲ್ಪ ದುಃಖದಲ್ಲಿರಿ ಎಂದರು. “ಯಾಕಪ್ಪಾ, ಯಾರು ಹೋಗ್ಬಿಟ್ರು?” ಎಂದು ಅಮ್ಮ ಕೇಳಿದ್ದು ಬೀದಿಯ ಕೊನೆಯ ಮನೆಗೂ ಕೇಳಿಸಿತು.

ಮೇಕಪ್ ಹುಡುಗಿ ಒಂದು ಹರಕು ಸೀರೆಯನ್ನೂ ಮುಖಕ್ಕೆ ಬಳಿಯಲು ಕಪ್ಪು ಬಣ್ಣವನ್ನೂ ತಂದಳು. ನನ್ನ ಎಂ.ಎ.ಗೆ ತಡೆಯಲಾಗಲಿಲ್ಲ. ಇದು ತಪ್ಪು ಚಿತ್ರಣ, ನಮ್ಮಮ್ಮ ದಿನಾ ಇರುವ ಹಾಗೇ ತೋರಿಸಿ ಎಂದು ಡೈರೆಕ್ಟರ್ ಜೊತೆ ವಾದ ಮಾಡಿ, ಒಳಗಿನಿಂದ ಅವಳ ನೈಟಿ ಮತ್ತು ಮೇಲೆ ಹೊದೆಯುವ ಟವಲ್ ತಂದುಕೊಟ್ಟೆ. ಅಮ್ಮ ಎರಡನ್ನೂ ನೋಡಿದಳು. ಕೋಣೆಗೆ ಹೋಗಿ, ಮದುವೆಯ ರೇಷ್ಮೆ ಸೀರೆ ಉಟ್ಟು, ಪೌಡರ್ ಹಾಕಿ, ಮಲ್ಲಿಗೆ ಮುಡಿದು ಬಂದಳು. ನಾನು ಬೆಪ್ಪಾದೆ. ಇದು ನಿಜ ಅನ್ನಿಸಲ್ಲಮ್ಮ ಎಂದೆ.

“ಅವರ ಸಿನಿಮಾಕ್ಕೂ ನಾನು ಬಡವಿಯಾಗೇ ಇರ್ಬೇಕು, ನಿನ್ನ ಪುಸ್ತಕಕ್ಕೂ ಬಡವಿಯಾಗೇ ಇರ್ಬೇಕು. ನನ್ನ ಕೇಳಿದವರು ಯಾರೇ?”

ನಾನು ನೈಟಿ, ಟವಲ್ ಮಡಚಿ ಒಳಗಿಟ್ಟೆ. ಡೈರೆಕ್ಟರ್ ಬೆಂಗಳೂರಿನಿಂದ ಒಬ್ಬ ನಟಿಯನ್ನು ಕರೆಸಿ, ಅವಳಿಗೇ ಆ ಕಪ್ಪು ಬಣ್ಣ ಬಳಿಸಿದರು. ಆಕೆಯ ದುಃಖ ಚೆನ್ನಾಗಿತ್ತು, ಆದರೆ ಕಡಿದ ಎಳೆಗೆ ಗಂಟು ಹಾಕಲು ಬರಲಿಲ್ಲ. ಮೂರು ಗಂಟೆ ಎಳೆ ಎಳೆಯಾಗಿ ಹೋಯಿತು. ಕೊನೆಗೆ ಅಮ್ಮನೇ ಪಕ್ಕಕ್ಕೆ ಕೂತು, ಬೆರಳಲ್ಲಿ ಒಮ್ಮೆ ಹೊಸೆದು ಮುಗಿಸಿದಳು. ಜಾಹೀರಾತು ಬಂದಾಗ ಮುಖ ನಟಿಯದು, ಕೈ ಅಮ್ಮನದು.

ನಾನು ಹಲ್ಲು ಕಚ್ಚಿ ಇಪ್ಪತ್ತು ಪುಟ ಬರೆದೆ. ದುಡಿಯುವ ಹೆಣ್ಣಿನ ಕೈ ಬೇಕು, ಮುಖ ಬೇಡ, ಇದು ಅವಳನ್ನು ಅಳಿಸುವ ಕ್ರಮ ಎಂದೆಲ್ಲ. ಇತ್ತ ಅಮ್ಮ ಆ ಜಾಹೀರಾತನ್ನು ಮೊಬೈಲಿನಲ್ಲಿಟ್ಟುಕೊಂಡು, ನೀರು ಹಿಡಿಯಲು ಬಂದವರಿಗೆಲ್ಲ ತನ್ನ ಕೈ ತೋರಿಸುತ್ತಿದ್ದಳು. ಅನ್ಯಾಯಕ್ಕೊಳಗಾದವರೇ ಇಷ್ಟು ಖುಷಿಯಾಗಿದ್ದರೆ ಸಂಶೋಧನೆ ಮಾಡುವವರು ಎಲ್ಲಿಗೆ ಹೋಗಬೇಕು? ಗೈಡ್ ಮೇಷ್ಟ್ರು ಮಾತ್ರ ಮೆಚ್ಚಿ, ಸಹಿ ಹಾಕಿದರು.

ಸರ್ಟಿಫಿಕೇಟ್ ಕೊಟ್ಟ ದಿನ ವೇದಿಕೆಯಿಂದ ಇಳಿದವಳೇ ಅದನ್ನೂ, ರಟ್ಟು ಹಾಕಿಸಿದ ಪ್ರಾಜೆಕ್ಟನ್ನೂ ಅಮ್ಮನ ಕೈಗಿಟ್ಟೆ. ಅಮ್ಮ ಅಕ್ಷರ ಕೂಡಿಸಿ ಓದುವವಳು. ಸರ್ಟಿಫಿಕೇಟಿನಲ್ಲಿ ನನ್ನ ಹೆಸರನ್ನು ಪೂರ್ತಿ ಓದಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಪ್ರಾಜೆಕ್ಟ್ ತೆರೆದು, ತಾನೆಲ್ಲಿದ್ದೇನೆ ಎಂದು ಕೇಳಿದಳು. ಹೆಮ್ಮೆಯಿಂದ ಪುಟ ತೆಗೆದು ತೋರಿಸಿದೆ. ಬೆರಳಿಟ್ಟು ಓದಿದಳು: ‘ಮಾಹಿತಿದಾರೆ ಒಂದು’. ಇಪ್ಪತ್ತು ಪುಟದಲ್ಲೂ ಅಷ್ಟೇ. ಸಂಶೋಧನೆಯಲ್ಲಿ ಹೆಸರು ಹಾಕಬಾರದಮ್ಮ, ಅದು ನಿನ್ನ ಒಳ್ಳೆಯದಕ್ಕೇ ಇರುವ ನಿಯಮ ಎಂದು ವಿವರಿಸಿದೆ. ವಿವರಿಸುತ್ತಾ ನನ್ನ ದನಿ ನನಗೇ ಸಣ್ಣದಾಗುತ್ತಾ ಬಂತು. ಅಮ್ಮ ಪುಸ್ತಕ ಮುಚ್ಚಿ, ಸರ್ಟಿಫಿಕೇಟನ್ನು ಸೆರಗಿನಲ್ಲಿ ಒರೆಸಿ ಅದರ ಮೇಲಿಟ್ಟಳು.

“ಹೋಗ್ಲಿ ಬಿಡು,” ಎಂದಳು, “ಅವರು ಕೈನಾದ್ರೂ ತೋರ್ಸಿದ್ರು ಕಣೆ.”